ಕತ್ತಿನಿಂದ ತಲೆನೋವು ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಹತ್ತಿರದ ಡೊಂಬಿವಲಿ ಈಸ್ಟ್‌ನಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಹೊರಗೆ ಬೋರ್ಡು ಮರಾಠಿಯಲ್ಲಿದ್ದರೂ ಒಳಗೆ ಅರ್ಧಕ್ಕರ್ಧ ಮಾತು ಕನ್ನಡದಲ್ಲೇ ನಡೆಯುತ್ತದೆ. ಹೋಟೆಲಿನವರು, ಬ್ಯಾಂಕಿನಿಂದ ರಿಟೈರ್ ಆದವರು, ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಅವರ ಮಕ್ಕಳು. ತಲೆನೋವು ಅಂತ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದನ್ನು ಓದಿ ನೀವೇ ರೋಗ ಗುರುತಿಸಿಕೊಳ್ಳಿ ಅಂತ ಅಲ್ಲ. ಡಾಕ್ಟರ ಎದುರು ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಅಂತ ಗೊತ್ತಿರಲಿ ಅಂತ.

ಕತ್ತಿನ ತೊಂದರೆಯಿಂದ ನಿಜವಾಗಿಯೂ ತಲೆನೋವು ಬರುತ್ತಾ?

ಬರುತ್ತದೆ. ಅದಕ್ಕೆ ಬೇರೆ ಹೆಸರೇ ಇದೆ, ಸರ್ವೈಕೋಜೆನಿಕ್ ತಲೆನೋವು. ನಾರ್ವೆಯ ನರರೋಗ ತಜ್ಞ ಒಟ್ಟಾರ್ ಶೋಸ್ಟಾಡ್ 1983ರಲ್ಲಿ ಈ ಹೆಸರಿಟ್ಟರು. ಅಂತರರಾಷ್ಟ್ರೀಯ ತಲೆನೋವು ಸಂಘದ ಪಟ್ಟಿಯಲ್ಲೂ ಇದಕ್ಕೆ ಬೇರೆ ಜಾಗವಿದೆ.

ಕತ್ತಿನಲ್ಲಿ ಏಳು ಮಣಿಗಳಿವೆ. ಮೇಲಿನ ಮೂರರ ಹತ್ತಿರ ಹೊರಡುವ ನರಗಳು ನೋವಿನ ಸುದ್ದಿಯನ್ನು ಬೆನ್ನುಹುರಿಯ ಮೇಲ್ತುದಿಗೆ ತರುತ್ತವೆ. ಹಣೆ, ಕಣ್ಣು, ಮುಖದ ಸುದ್ದಿ ತರುವ ನರವೂ ಅಲ್ಲಿಗೇ ಬಂದು ಸೇರುತ್ತದೆ. ಮುಂಬಯಿ ಲೋಕಲ್ ಟ್ರೈನಿನ ನಮ್ಮ ಸೆಂಟ್ರಲ್ ಲೈನಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಸಾರಾ ಕಡೆಯ ಗಾಡಿ, ಕರ್ಜತ್ ಕಡೆಯ ಗಾಡಿ ಎರಡೂ ಕಲ್ಯಾಣ ಸ್ಟೇಷನ್ನಿನಲ್ಲಿ ಸೇರಿ ಒಂದೇ ದಾರಿಯಲ್ಲಿ ಬರುತ್ತವೆ. ದಾದರಿನಲ್ಲಿ ನಿಂತವರಿಗೆ ಈ ಗಾಡಿ ಯಾವ ಕಡೆಯದು ಅಂತ ನೋಡಿದ ಕೂಡಲೇ ಹೇಳೋಕಾಗಲ್ಲ, ಅಲ್ವಾ? ಮೆದುಳಿನ ಪಾಡೂ ಅದೇ. ಸುದ್ದಿ ಹೊರಟದ್ದು ಕತ್ತಿನ ಕೀಲಿನಿಂದ, ಮೆದುಳಿಗೆ ಅನ್ನಿಸುವುದು ಕಣ್ಣಿನ ಹಿಂದೆ ನೋವು ಅಂತ.

ಹಾಗಾದ್ರೆ ನನ್ನ ಮೈಗ್ರೇನ್‌ಗೂ ಕತ್ತೇ ಕಾರಣವಾ?

ಹೆಚ್ಚಿನವರಿಗೆ ಅಲ್ಲ. ಜನ ಜಾಸ್ತಿ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ.

ಮೈಗ್ರೇನ್, ಅಂದರೆ ನಮ್ಮ ಅರೆತಲೆನೋವು, ಮೆದುಳಿನದೇ ಕಾಯಿಲೆ. ಅದು ಬರುವ ಕೆಲವು ಗಂಟೆ ಮುಂಚೆ, ಒಮ್ಮೊಮ್ಮೆ ಹಿಂದಿನ ದಿನವೇ, ಕತ್ತು ಬಿಗಿಯುತ್ತದೆ. ಆಕಳಿಕೆ ಬರುತ್ತದೆ, ಸಿಡುಕು ಬರುತ್ತದೆ, ಸಿಹಿ ತಿನ್ನಬೇಕು ಅನ್ನಿಸುತ್ತದೆ. ಆಮೇಲೆ ತಲೆ ಸಿಡಿಯೋಕೆ ಶುರುವಾಗುತ್ತದೆ. ಮೊದಲು ಕತ್ತು ಹಿಡಿಯಿತು, ಆಮೇಲೆ ತಲೆ ನೋಯಿತು, ಹಾಗಾದರೆ ಕತ್ತಿನಿಂದಲೇ ನೋವು ಬಂತು ಅಂತ ನಾವು ಲೆಕ್ಕ ಹಾಕುತ್ತೇವೆ. ನಿಜದಲ್ಲಿ ಕತ್ತು ಹಿಡಿದದ್ದೇ ಮೈಗ್ರೇನಿನ ಮೊದಲ ಹೆಜ್ಜೆ. ಮೈಗ್ರೇನ್ ಇರುವವರಲ್ಲಿ ಓಕರಿಕೆಗಿಂತ ಕತ್ತುನೋವೇ ಹೆಚ್ಚು ಸಾಮಾನ್ಯ ಅಂತ 2010ರ ಒಂದು ಅಧ್ಯಯನದಲ್ಲಿ ಕಂಡುಬಂದಿತ್ತು.

ನನಗೆ ಇಪ್ಪತ್ತೆರಡನೇ ವಯಸ್ಸಿನಿಂದ ಮೈಗ್ರೇನ್ ಇದೆ. ಆರು ವರ್ಷ ನಾನು ಅದನ್ನು ಕತ್ತಿನ ನೋವು ಅಂತಲೇ ನಂಬಿದ್ದೆ. ಓದಿದ್ದೂ ಅದೇ, ಮಾಡುವ ಕೆಲಸವೂ ಅದೇ, ಕಾಣುವುದೂ ಅದೇ ತಾನೇ. ಒಂದು ಕ್ಲಿನಿಕ್‌ನಲ್ಲಿ ಕತ್ತಿಗೆ ಪಟ್ಟಿ ಕಟ್ಟಿ, ಮೂರು ತಿಂಗಳು ಬಿಚ್ಚಬೇಡ ಅಂದರು. ಕಟ್ಟಿಕೊಂಡು ಓಡಾಡಿದೆ. ಕತ್ತು ಇನ್ನಷ್ಟು ಸೋತಿತು, ತಲೆನೋವು ಹಾಗೇ ಉಳಿಯಿತು. ಕೊನೆಗೆ ಒಬ್ಬ ಹಿರಿಯ ನರರೋಗ ಡಾಕ್ಟರು ಎರಡೇ ಪ್ರಶ್ನೆ ಕೇಳಿದರು: ನೋವು ಬಂದಾಗ ಟ್ಯೂಬ್‌ಲೈಟ್ ಆರಿಸ್ತೀಯಾ? ಅಮ್ಮನಿಗೂ ಹೀಗೆ ಆಗ್ತಿತ್ತಾ? ಎರಡಕ್ಕೂ ಹೌದು.

ಎರಡನ್ನೂ ಬೇರೆ ಮಾಡಿ ಗುರುತಿಸೋದು ಹೇಗೆ?

ಒಂದೇ ಒಂದು ಗುರುತು ಹಿಡಿದುಕೊಂಡು ತೀರ್ಮಾನಿಸಬೇಡಿ. ನಾಲ್ಕೈದನ್ನು ಒಟ್ಟಿಗೆ ನೋಡಬೇಕು.

ಕತ್ತಿನ ತಲೆನೋವು ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ಬಲಗಡೆ ಅಂದರೆ ಯಾವಾಗಲೂ ಬಲಗಡೆ. ತಲೆಬುರುಡೆಯ ಬುಡದಲ್ಲಿ ಶುರುವಾಗಿ ಮುಂದಕ್ಕೆ, ಕಣ್ಣಿನ ತನಕ ಹರಿಯುತ್ತದೆ. ಕತ್ತು ಒಂದು ಕಡೆ ಪೂರ್ತಿ ತಿರುಗುವುದಿಲ್ಲ. ಬಾಲ್ಕನಿಗೆ ಪೇಂಟ್ ಹೊಡೆದರೆ, ಒಂದು ಗಂಟೆ ಕತ್ತು ವಾಲಿಸಿಕೊಂಡು ನಿದ್ದೆ ಹೋದರೆ ನೋವು ಬರುತ್ತದೆ. ಅದೇ ಕಡೆಯ ಹೆಗಲು, ತೋಳಿನಲ್ಲೂ ಎಲ್ಲೋ ಒಂದು ಜಡ ನೋವು ಇರಬಹುದು. ನೋವು ಸಿಡಿಯುವುದಕ್ಕಿಂತ ಒಂದೇ ಸಮ ಹಿಡಿದು ಎಳೆದ ಹಾಗಿರುತ್ತದೆ.

ಮೈಗ್ರೇನ್ ಕಡೆ ಬದಲಿಸಬಹುದು. ಈ ಸಲ ಎಡಕ್ಕೆ, ಮುಂದಿನ ಸಲ ಬಲಕ್ಕೆ, ಕೆಲವೊಮ್ಮೆ ಎರಡೂ ಕಡೆ. ನಾಡಿ ಬಡಿದ ಹಾಗೆ ಬಡಿಯುತ್ತದೆ. ಮಾತ್ರೆ ತಗೊಳ್ಳದಿದ್ದರೆ 4ರಿಂದ 72 ಗಂಟೆ ಇರುತ್ತದೆ. ಸ್ಟೇಷನ್ನಿನ ಬ್ರಿಜ್ ಹತ್ತಿದರೆ ಜಾಸ್ತಿಯಾಗುತ್ತದೆ. ಹೊಟ್ಟೆ ತೊಳಸುತ್ತದೆ, ಇಲ್ಲವೇ ಬೆಳಕು, ಸದ್ದು ಎರಡೂ ಬೇಡವಾಗುತ್ತವೆ. ಪಕ್ಕದ ಮನೆಯ ಊದುಬತ್ತಿ ವಾಸನೆಗೂ ತಲೆ ಸುತ್ತುತ್ತದೆ ಅಂತ ಕೆಲವರು ಹೇಳುತ್ತಾರೆ. ಕತ್ತಲೆ ಕೋಣೆಯಲ್ಲಿ ಒಂದು ನಿದ್ದೆ ಮಾಡಿದರೆ ಕಡಿಮೆಯಾಗುತ್ತದೆ. ಹೆಂಗಸರಿಗೆ ಮುಟ್ಟಿನ ಆಸುಪಾಸಿನಲ್ಲಿ ಬರುವುದೂ ಒಂದು ಸುಳಿವು.

ಇನ್ನು ತಲೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ ಎರಡೂ ಕಡೆ ಒತ್ತುವ, ವಾಂತಿಯಿಲ್ಲದ ನೋವು ಟೆನ್ಷನ್ ತಲೆನೋವು. ಅದರಲ್ಲೂ ಕತ್ತಿನ ಸ್ನಾಯು ಒತ್ತಿದರೆ ನೋಯುತ್ತದೆ. ಒತ್ತಿದಾಗ ನೋಯಿತು ಅಂದ ಮಾತ್ರಕ್ಕೆ ಕತ್ತೇ ಕಾರಣ ಅನ್ನೋಕಾಗಲ್ಲ ಅಂತ ಇದಕ್ಕೇ ಹೇಳುವುದು.

ಒಬ್ಬರಿಗೇ ಕತ್ತಿನ ತಲೆನೋವು, ಮೈಗ್ರೇನ್ ಎರಡೂ ಇರಬಹುದು. ಹಾಗಿದ್ದರೆ ಎರಡಕ್ಕೂ ಚಿಕಿತ್ಸೆ ಬೇಕು.

ನಮ್ಮಮ್ಮ ಇದು ಪಿತ್ತದ ತಲೆನೋವು ಅಂತಾರೆ. ವಾಂತಿ ಆದ್ರೆ ಹೋಗುತ್ತೆ.

ಅಮ್ಮ ನೋಡಿದ್ದು ಸರಿಯಾಗಿಯೇ ಇದೆ. ಹಸಿದಿದ್ದಾಗ, ಬಿಸಿಲಲ್ಲಿ ಓಡಾಡಿದಾಗ ಬಂದು, ವಾಂತಿಯಾದ ಮೇಲೆ ಇಳಿಯುವ ತಲೆನೋವು ಬಹಳ ಸಲ ಮೈಗ್ರೇನೇ. ವಾಂತಿಯಿಂದ ನೋವು ಬಂದದ್ದಲ್ಲ, ನೋವಿನ ಜೊತೆ ವಾಂತಿ ಬಂತು. ನಿಮ್ಹಾನ್ಸ್‌ನವರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದಾಗ, ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಬಂದವರು ಸುಮಾರು ನಾಲ್ಕರಲ್ಲಿ ಒಬ್ಬರು ಸಿಕ್ಕಿದ್ದರು. ಅವರಲ್ಲಿ ಎಷ್ಟು ಜನ ಪಿತ್ತ ಅಂತ ನಿಂಬೆ ಶರಬತ್ತು ಕುಡಿದು ಮಲಗಿದ್ದರೋ.

ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದೆ. ಇನ್ನೇನು ಸಾಕ್ಷಿ ಬೇಕು?

ಬೇಕು. ಜಪಾನಿನಲ್ಲಿ ಕತ್ತಿನ ಯಾವ ತೊಂದರೆಯೂ ಇಲ್ಲದ 1211 ಜನರಿಗೆ ಎಂಆರ್‌ಐ ಮಾಡಿ ನೋಡಿದರು. 87 ಶೇಕಡಾಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್, ಅಂದರೆ ಎರಡು ಮಣಿಗಳ ನಡುವಿನ ಮೆತ್ತೆ, ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಜನರಿಗೆ ಇತ್ತು. ತಲೆಕೂದಲು ನರೆತ ಹಾಗೆ ಕತ್ತಿನ ಮಣಿಗಳೂ ಸವೆಯುತ್ತವೆ. ಜನ ಅದನ್ನೇ ಸ್ಪಾಂಡಿಲೈಟಿಸ್ ಅನ್ನುತ್ತಾರೆ, ರಿಪೋರ್ಟಿನಲ್ಲಿ ಸ್ಪಾಂಡಿಲೋಸಿಸ್ ಅಂತ ಬರೆದಿರುತ್ತದೆ.

ಇನ್ನೊಂದು ವಿಷಯ. ರಿಪೋರ್ಟುಗಳಲ್ಲಿ ಸಾಮಾನ್ಯವಾಗಿ ಸವೆದಿರುವುದು ಐದು, ಆರು, ಏಳನೇ ಮಣಿಯ ನಡುವೆ. ಅಲ್ಲಿನ ನರ ಕೈಗೆ ಹೋಗುತ್ತದೆ. ತಲೆನೋವು ತರುವ ನರಗಳು ಮೇಲಿನ ಮೂರರವು. ಕೆಳಗಿನ ಡಿಸ್ಕ್ ತೋರಿಸಿ, ನಿಮ್ಮ ಹಣೆ ನೋವಿಗೆ ಇದೇ ಕಾರಣ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ಕೇಳಿ. ಆಪರೇಷನ್ ಮಾತು ಬಂದರಂತೂ ಖಂಡಿತ ಕೇಳಿ.

ಮತ್ತೆ ಕತ್ತು ಅಂತ ನೀವು ಹೇಗೆ ಕಂಡುಹಿಡೀತೀರಿ?

ಕೈಯಿಂದ, ಕಣ್ಣಿಂದ, ಹೆಚ್ಚಾಗಿ ಕಿವಿಯಿಂದ. ಒಂದು ಉದಾಹರಣೆ ಹೇಳುತ್ತೇನೆ.

ಮಾಟುಂಗಾ ಕಡೆಯ ಹೋಟೆಲಿನಲ್ಲಿ ದೋಸೆ ಹುಯ್ಯುವ ಒಬ್ಬರು ಬಂದಿದ್ದರು. ಕುಂದಾಪುರದ ಕಡೆಯವರು, ನಲವತ್ತೆರಡು ವಯಸ್ಸು. ಬಲಗಡೆ ತಲೆನೋವು, ವಾರಕ್ಕೆ ಐದು ದಿನ. ವಾಂತಿಯಿಲ್ಲ, ಬೆಳಕಿನ ಕಿರಿಕಿರಿಯಿಲ್ಲ. ಊರಿಗೆ ಹೋದಾಗ ಹದಿನೈದು ದಿನ ನೋವೇ ಇಲ್ಲ. ಊರಿನ ನೀರು ಒಳ್ಳೇದು ಮೇಡಂ ಅಂದರು. ಕೆಲಸ ಮಾಡುವುದು ಹೇಗೆ, ನಿಂತು ತೋರಿಸಿ ಅಂದೆ. ಎದ್ದು ನಿಂತರು. ಎದುರಿಗೆ ಕಾವಲಿ ಇದೆ ಅಂತ ಇಟ್ಟುಕೊಂಡು ಬಗ್ಗಿದರು, ಗದ್ದ ಎದೆಯ ಹತ್ತಿರ. ಆಮೇಲೆ ಬಗ್ಗಿದ ಹಾಗೆಯೇ ಬಲಕ್ಕೆ ಕತ್ತು ಹೊರಳಿಸಿ, ಹೂಂ, ಎರಡು ಮಸಾಲೆ ಒಂದು ಸಾದಾ ಅಂದರು. ಆರ್ಡರ್ ಕೂಗುವ ಕಿಟಕಿ ಅವರ ಬಲಕ್ಕೆ, ಸ್ವಲ್ಪ ಹಿಂದೆ. ಬೆಳಿಗ್ಗೆ ಆರರಿಂದ ಹನ್ನೊಂದರ ತನಕ ಅದೇ.

ಅವರನ್ನು ಅಂಗಾತ ಮಲಗಿಸಿ, ತಲೆಯನ್ನು ಎದೆಯ ಕಡೆ ಪೂರ್ತಿ ಬಗ್ಗಿಸಿ, ಆ ಭಂಗಿಯಲ್ಲೇ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದೆ. ಹಾಗೆ ಬಗ್ಗಿಸಿದಾಗ ಕೆಳಗಿನ ಮಣಿಗಳು ಬಿಗಿದುಕೊಳ್ಳುತ್ತವೆ, ತಿರುಗುವ ಕೆಲಸ ಮೇಲಿನ ಎರಡು ಮಣಿಗಳ ನಡುವೆಯೇ ಆಗಬೇಕು. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಆ ಒಂದೇ ಕೀಲಿನದು. ಸಾಮಾನ್ಯವಾಗಿ ಎರಡೂ ಕಡೆ 40-45 ಡಿಗ್ರಿ ತಿರುಗುತ್ತದೆ. 32ಕ್ಕಿಂತ ಕಡಿಮೆಯಾದರೆ ನಮಗೆ ಅನುಮಾನ. ಅವರಿಗೆ ಎಡಕ್ಕೆ ಸರಾಗ, ಬಲಕ್ಕೆ ಅರ್ಧದಲ್ಲೇ ನಿಂತಿತು. ಎರಡನೇ ಮಣಿಯ ಬಲಗಡೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಇದೇ ಮೇಡಂ, ಇದೇ ನೋವು, ಕಣ್ಣಿಗೆ ಬಂತು ಅಂದರು. ಅವರದ್ದೇ ಹಳೆಯ ನೋವು ಬೆರಳಿನ ಕೆಳಗೆ ಸಿಕ್ಕಿದ್ದು ದೊಡ್ಡ ಸುಳಿವು. ಸುಮ್ನೆ ನೋವಾಯಿತು ಅಂದಿದ್ದರೆ ಅದಕ್ಕೆ ಅಷ್ಟು ಬೆಲೆಯಿಲ್ಲ.

ಆರು ವಾರ ಚಿಕಿತ್ಸೆ, ವ್ಯಾಯಾಮ. ಹೋಟೆಲ್ ಮಾಲೀಕರಿಗೆ ಹೇಳಿ ಆರ್ಡರ್ ಚೀಟಿ ಕಾವಲಿಯ ಎದುರಿಗೇ ಸಿಕ್ಕಿಸುವ ಹಾಗೆ ಮಾಡಿಸಿದರು. ವಾರಕ್ಕೆ ಐದಿದ್ದದ್ದು ತಿಂಗಳಿಗೆ ಎರಡಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ.

ಲೋಕಲ್ ಟ್ರೈನಿನಲ್ಲಿ ಮೊಬೈಲ್ ನೋಡೋದರಿಂದ ಬರುತ್ತಾ?

ತಲೆಯ ತೂಕ ಸುಮಾರು 5 ಕಿಲೋ. 60 ಡಿಗ್ರಿ ಬಗ್ಗಿದಾಗ ಕತ್ತಿನ ಮೇಲೆ 27 ಕಿಲೋದಷ್ಟು ಭಾರ ಬೀಳುತ್ತದೆ ಅಂತ 2014ರಲ್ಲಿ ಒಬ್ಬ ಬೆನ್ನುಮೂಳೆ ಸರ್ಜನ್ ಲೆಕ್ಕ ಹಾಕಿದ್ದರು. ವಾಟ್ಸಾಪಿನಲ್ಲಿ ಸುತ್ತುವ ಚಿತ್ರ ಅದೇ. ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ಜನರ ಮೇಲೆ ಅಳೆದದ್ದಲ್ಲ. ಬಗ್ಗುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅಲ್ಲಾಡದೆ ಒಂದು ಗಂಟೆ ಅದೇ ಭಂಗಿಯಲ್ಲಿರುವುದು ತೊಂದರೆ. ಡೊಂಬಿವಲಿಯಿಂದ ಲೈನಿನ ಕೊನೆಯ ಸ್ಟೇಷನ್ ಸಿಎಸ್‌ಎಂಟಿ ತನಕ ಅಷ್ಟೇ ಹೊತ್ತು ಬೇಕಲ್ಲ! ನಿಂತು ಹೋಗುವವರು ಮೊಬೈಲ್ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯೋಣ ಅಂದರೆ ಪಕ್ಕದವರ ಮೊಣಕೈ ಬಿಡಬೇಕಲ್ಲ. ನಾಲ್ಕು ಸ್ಟೇಷನ್ನಿಗೊಮ್ಮೆ ಜೇಬಿಗಿಟ್ಟು ಹೆಗಲು ತಿರುಗಿಸಿ, ಸಾಕು. ಬ್ಯಾಗನ್ನು ಒಂದೇ ಹೆಗಲಿಗೆ ನೇತುಹಾಕುವುದನ್ನೂ ಬಿಡಿ.

ಮಸ್ಜಿದ್ ಬಂದರಿನಲ್ಲಿ, ವಾಶಿ ಮಾರ್ಕೆಟ್ಟಿನಲ್ಲಿ ತಲೆಯ ಮೇಲೆ ಮೂಟೆ ಹೊರುವ ಮಾಥಾಡಿ ಕಾರ್ಮಿಕರಿದ್ದಾರೆ. ನಿಜವಾದ ಭಾರ ಅವರ ಕತ್ತಿನ ಮೇಲೆ. ಅವರು ತಲೆನೋವು ಅಂತ ಬಂದರೆ ನಾನು ಮೊದಲು ಕತ್ತನ್ನೇ ನೋಡುತ್ತೇನೆ.

ಯಾವ ದಿಂಬು ತಗೊಳ್ಳಲಿ?

ಮಗ್ಗುಲಾಗಿ ಮಲಗಿದರೆ ಕಿವಿ ಮತ್ತು ಹೆಗಲಿನ ನಡುವಿನ ಜಾಗ ತುಂಬಬೇಕು, ಅಷ್ಟೆ. ನನ್ನ ಹತ್ತಿರ ಬಂದ ಒಬ್ಬ ಹುಡುಗಿ ನಾಲ್ಕು ದಿಂಬು ಬದಲಿಸಿದ್ದಳು. ಅವಳಿಗೆ ತಲೆನೋವು ಭಾನುವಾರ ಮಾತ್ರ ಬರುತ್ತಿತ್ತು. ವಾರವಿಡೀ 7.50ರ ಫಾಸ್ಟ್ ಲೋಕಲ್ ಹಿಡಿಯುವವಳು ಭಾನುವಾರ ಹನ್ನೊಂದಕ್ಕೆ ಏಳುತ್ತಿದ್ದಳು. ತಿಂಡಿಯಿಲ್ಲ, ಕಾಫಿ ತಡ. ಅದು ಮೈಗ್ರೇನ್. ಎಂಟಕ್ಕೆ ಎದ್ದು ತಿಂಡಿ ತಿನ್ನು ಅಂದೆ. ಬೈದುಕೊಂಡೇ ಎದ್ದಳು, ನೋವು ಕಡಿಮೆಯಾಯಿತು.

ಸಲೂನಿನಲ್ಲಿ ಚಂಪಿ ಮಾಡಿಸಿ ಕತ್ತು ನಟಿಗೆ ತೆಗೆಸಿದ್ರೆ ಹಾಯಾಗುತ್ತೆ. ಮಾಡಿಸಬಹುದಾ?

ಚಂಪಿ ಮಾಡಿಸಿ. ಎಣ್ಣೆ ಹಚ್ಚಿಸಿಕೊಳ್ಳಿ. ಕತ್ತು ಮಾತ್ರ ಮುಟ್ಟಿಸಬೇಡಿ. ಗದ್ದ ಹಿಡಿದು ಟಕ್ ಅಂತ ತಿರುಗಿಸುವುದಿದೆಯಲ್ಲ, ಅದನ್ನು ಬೇಡ ಅಂತ ಮೊದಲೇ ಹೇಳಿ. ಮೆದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕತ್ತಿನ ಮಣಿಗಳ ತೂತಿನೊಳಗಿಂದಲೇ ಮೇಲೆ ಹೋಗುತ್ತವೆ. ಝಾಡಿಸಿ ತಿರುಗಿಸಿದಾಗ ಒಳಪದರ ಹರಿದು ಲಕ್ವ ಹೊಡೆಯುವುದು ಅಪರೂಪ, ಆದರೆ ಆಗಿದೆ. ಬ್ಯೂಟಿ ಪಾರ್ಲರಿನ ಬೇಸಿನ್‌ನಲ್ಲಿ ಕತ್ತನ್ನು ಹಿಂದಕ್ಕೆ ಬಹಳ ಹೊತ್ತು ಚಾಚಿ ಕೂತು ಲಕ್ವ ಆದ ಪ್ರಕರಣಗಳನ್ನು 1993ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು.

ಹಣೆಗೆ ಅಮೃತಾಂಜನ ಹಚ್ಚುವುದಕ್ಕೆ ನನ್ನ ತಕರಾರಿಲ್ಲ. ಅದು ಹುಟ್ಟಿದ್ದೇ ಇದೇ ಮುಂಬಯಿಯಲ್ಲಿ, 1893ರಲ್ಲಿ. ತಂಪೆನಿಸುತ್ತದೆ, ಸ್ವಲ್ಪ ಹೊತ್ತು ಮರೆಸುತ್ತದೆ.

ಮನೆಯಲ್ಲಿ ಏನು ವ್ಯಾಯಾಮ ಮಾಡಬಹುದು?

ಒಂದನ್ನು ಹೇಳುತ್ತೇನೆ. ಅಂಗಾತ ಮಲಗಿ, ತಲೆಯ ಕೆಳಗೆ ಮಡಚಿದ ಟವೆಲ್ ಇಡಿ. ಹೂಂ ಅಂತ ತಲೆಯಾಡಿಸುವ ಹಾಗೆ ಗದ್ದವನ್ನು ಮೆಲ್ಲಗೆ ಗಂಟಲಿನ ಕಡೆ ತನ್ನಿ. ತಲೆ ಎತ್ತಬಾರದು, ಟವೆಲ್ಲಿಗೆ ತಾಗಿಕೊಂಡೇ ಇರಬೇಕು. ಹತ್ತು ಸೆಕೆಂಡ್ ಹಿಡಿದು ಬಿಡಿ. ಹತ್ತು ಸಲ, ದಿನಕ್ಕೆ ಎರಡು ಬಾರಿ. ಗಂಟಲಿನ ಮುಂದಿನ ಸ್ನಾಯು ಉಬ್ಬಿ ಗಟ್ಟಿಯಾದರೆ ಜೋರು ಮಾಡುತ್ತಿದ್ದೀರಿ ಅಂತ ಅರ್ಥ. ಇದು ಕತ್ತಿನ ಒಳಗಿನ ಸಣ್ಣ ಸ್ನಾಯುಗಳಿಗೆ. ಜೊತೆಗೆ ಬೆನ್ನಿನ ಎರಡೂ ರೆಕ್ಕೆ ಮೂಳೆಗಳನ್ನು ಹಿಂದಕ್ಕೆ, ಕೆಳಕ್ಕೆ ಎಳೆದು ಹಿಡಿಯುವುದು. ಕೈಗೆ ಜುಮ್ ಅಂದರೆ, ತಲೆ ಸುತ್ತಿದರೆ ನಿಲ್ಲಿಸಿ.

ಆಸ್ಟ್ರೇಲಿಯಾದಲ್ಲಿ ಕತ್ತಿನ ತಲೆನೋವಿನ 200 ಜನರ ಮೇಲೆ ಇಂಥ ವ್ಯಾಯಾಮ ಮತ್ತು ಕೈಚಿಕಿತ್ಸೆಯನ್ನು ಆರು ವಾರ ಮಾಡಿಸಿ ನೋಡಿದ ಅಧ್ಯಯನ 2002ರಲ್ಲಿ ಬಂತು. ವರ್ಷದ ನಂತರವೂ ಗುಣ ಉಳಿದಿತ್ತು. ನಾಲ್ಕು ದಿನ ಮಾಡಿ ಏನೂ ಆಗಲಿಲ್ಲ ಅಂತ ನನಗೆ ಫೋನ್ ಮಾಡುವವರಿಗಾಗಿ ಇದನ್ನು ಬರೆದೆ.

ಮೆಡಿಕಲ್‌ನಿಂದ ಮಾತ್ರೆ ತಗೊಂಡ್ರೆ ಸರಿ ಹೋಗುತ್ತೆ. ಮತ್ತೆ ಯಾಕೆ ಇಷ್ಟೆಲ್ಲ?

ತಿಂಗಳಿಗೆ ಎಷ್ಟು ದಿನ ತಗೊಳ್ತೀರಿ? ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಬೆರೆಸಿದ ಮಾತ್ರೆ ಅಥವಾ ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್ ಮಾತ್ರೆ 10 ದಿನ, ಹೀಗೆ ಮೂರು ತಿಂಗಳಿಗಿಂತ ಜಾಸ್ತಿ ನಡೆದರೆ ಮಾತ್ರೆಯೇ ತಲೆನೋವು ತರೋಕೆ ಶುರು ಮಾಡಬಹುದು. ಆಗ ಕತ್ತಿಗೆ ಏನು ಮಾಡಿದರೂ ನಾಟುವುದಿಲ್ಲ. ಬಿಡಿಸುವುದನ್ನು ಡಾಕ್ಟರ ಜೊತೆ ಮಾಡಬೇಕು. ಪದೇ ಪದೇ ಮೈಗ್ರೇನ್ ಬರುವವರಿಗೆ ಅದು ಬರದ ಹಾಗೆ ತಡೆಯುವ ಮಾತ್ರೆಗಳೇ ಬೇರೆ ಇವೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲೀನ್, ಟೋಪಿರಾಮೇಟ್ ಅಂಥವು. ಅಸ್ತಮಾ, ಗರ್ಭ ಇತ್ಯಾದಿ ನೋಡಿ ಡಾಕ್ಟರು ಆರಿಸುತ್ತಾರೆ. ಪಕ್ಕದ ಮನೆಯವರ ಚೀಟಿ ತೋರಿಸಿ ತರಬೇಡಿ.

ತಲೆಯ ಹಿಂದೆ ಇಂಜೆಕ್ಷನ್ ಕೊಟ್ಟಾಗ ನೋವು ಹೋಯ್ತು. ಹಾಗಾದ್ರೆ ಕತ್ತಿನದೇ ಅಲ್ವಾ?

ತಲೆಯ ಹಿಂಭಾಗದಲ್ಲಿ ಕತ್ತಿನಿಂದ ಬರುವ ನರವಿದೆ, ಅದಕ್ಕೆ ಇಂಜೆಕ್ಷನ್ ಕೊಟ್ಟರೆ ಮೈಗ್ರೇನ್ ಕೂಡ ಇಳಿಯುತ್ತದೆ. ಕಲ್ಯಾಣದ ಮಾತು ಮತ್ತೆ ಇಲ್ಲಿಗೂ ಹೊಂದುತ್ತದೆ. ಒಂದು ಲೈನಿನ ಗಾಡಿ ನಿಲ್ಲಿಸಿದರೆ ಮುಂದಿನ ಗದ್ದಲವೇ ಕಡಿಮೆ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಜೀವನದಲ್ಲೇ ಕಂಡಿರದಂಥ ತಲೆನೋವು ಸಿಡಿಲು ಹೊಡೆದ ಹಾಗೆ ಒಂದು ನಿಮಿಷದೊಳಗೆ ಏರಿದರೆ. ಜ್ವರದ ಜೊತೆ ಕತ್ತು ಬಗ್ಗಿಸಲಾಗದಿದ್ದರೆ. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ. ಕತ್ತಿನ ಒಂದು ಕಡೆ ಹೊಸದಾಗಿ ಜೋರು ನೋವು ಬಂದು ಅದೇ ಕಡೆಯ ಕಣ್ಣರೆಪ್ಪೆ ಜೋತುಬಿದ್ದರೆ. ಬಿದ್ದು ಪೆಟ್ಟಾದ ಮೇಲೆ ಶುರುವಾಗಿದ್ದರೆ. ಇವುಗಳಿಗೆ ನನ್ನ ಹತ್ತಿರ ಬರಬೇಡಿ, ನೇರ ಕ್ಯಾಶುವಾಲ್ಟಿಗೆ ಹೋಗಿ. ಐವತ್ತು ದಾಟಿದ ಮೇಲೆ ಮೊದಲ ಸಲ ಬಂದ ತಲೆನೋವು, ಕ್ಯಾನ್ಸರ್ ಆಗಿದ್ದವರಿಗೆ ಬಂದ ಹೊಸ ತಲೆನೋವು ಇವನ್ನೂ ಬೇಗ ತೋರಿಸಬೇಕು.

ದುಡ್ಡು ಜಾಸ್ತಿ ಇಲ್ಲ. ಮುಂಬಯಿಯಲ್ಲಿ ಎಲ್ಲಿಗೆ ಹೋಗಲಿ? ಡಾಕ್ಟರಿಗೆ ಹೇಗೆ ಹೇಳಲಿ?

ಪರೇಲಿನ ಕೆಇಎಂ, ಸಾಯನ್, ನಾಯರ್, ಮೂರೂ ಮುನ್ಸಿಪಾಲಿಟಿ ಆಸ್ಪತ್ರೆಗಳು. ಮೂರರಲ್ಲೂ ನರರೋಗ ವಿಭಾಗ, ಫಿಸಿಯೋಥೆರಪಿ ವಿಭಾಗ ಇವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್, ಅಂದರೆ ಹೊರರೋಗಿ ಚೀಟಿ, ಮಾಡಿಸಿ. ಸರದಿ ಉದ್ದವಿರುತ್ತದೆ, ಡಾಕ್ಟರಿಗೆ ನಿಮ್ಮ ಜೊತೆ ಮಾತಾಡಲು ಸಿಗುವುದು ಕೆಲವೇ ನಿಮಿಷ. ಅದಕ್ಕೇ ಒಂದು ತಿಂಗಳ ಕ್ಯಾಲೆಂಡರ್ ತಗೊಂಡು ಹೋಗಿ. ನೋವು ಬಂದ ದಿನಕ್ಕೆ ಗುರುತು, ಯಾವ ಕಡೆ, ಎಷ್ಟು ಹೊತ್ತು, ಮಾತ್ರೆ ತಗೊಂಡಿರಾ, ಮುಟ್ಟು ಯಾವಾಗ. ಅಷ್ಟು ಬರೆದರೆ ಸಾಕು.

ಮಾತಿನ ತೊಂದರೆ ಬೇರೆ ಇದೆ. ಕನ್ನಡದಲ್ಲಿ ನಾವು ಸಿಡಿತ, ಸೆಳೆತ, ಹಿಂಡಿದ ಹಾಗೆ, ಚುಚ್ಚಿದ ಹಾಗೆ ಅಂತೆಲ್ಲ ಹೇಳುತ್ತೇವೆ. ಹಿಂದಿಗೆ ಬಂದಾಗ ಎಲ್ಲ ಹೋಗಿ ಸರ್ ದುಖ್ತಾ ಹೈ ಅಷ್ಟೇ ಉಳಿಯುತ್ತದೆ. ಎರಡು ಮೂರು ಮರಾಠಿ ಪದ ಕಲಿತುಕೊಳ್ಳಿ. ಅರ್ಧಶಿಶಿ ಅಂದರೆ ಅರೆತಲೆನೋವು. ಮಳಮಳ ಅಂದರೆ ಹೊಟ್ಟೆ ತೊಳಸುವುದು. ಡೋಕಂ ಠಣಕತಂಯ್ ಅಂದರೆ ತಲೆ ಸಿಡಿಯುತ್ತಿದೆ. ಮಾನ್ ಅಂದರೆ ಕತ್ತು. ಈ ಕೊನೆಯದನ್ನು ಮರೆಯಬೇಡಿ. ರಾಯಚೂರಿನ ಕಡೆಯ ಒಬ್ಬ ಅಕ್ಕ ಹೋದಾಗ ಡಾಕ್ಟರು, ಮಾನ್ ದುಖತೇ ಕಾ ಅಂತ ಕೇಳಿದರಂತೆ. ಇವರು ಸೆರಗು ಸರಿ ಮಾಡಿಕೊಂಡು ಎದ್ದು ನಿಂತು, ನನ್ನ ಮಾನಕ್ಕೇನಾಗ್ಯಾದ್ರಿ, ತಲೆ ಬ್ಯಾನಿ ಅಂತ ಬಂದೀನಿ ಅಂದರಂತೆ.